ಬಿಸಿನೀರಿಗೆ ಸೋಲಾರಾ, ಗೀಸರಾ, ಹಂಡೆಯಾ?

ಉಡುಪಿಯಲ್ಲಿ ಹೊಸ ಮನೆ ಕಟ್ಟುವಾಗ ಎಲ್ಲರೂ ಕೊಡುವ ಸಲಹೆ ಒಂದೇ: ಗೀಸರ್ ಕರೆಂಟ್ ನುಂಗುತ್ತದೆ, ಸೋಲಾರ್ ಹಾಕಿಸಿ. ಸ್ವಲ್ಪ ತಡೆಯಿರಿ.

ಮೊದಲು ಲೆಕ್ಕ. ನಮ್ಮಲ್ಲಿ ನೀರು ಕೊರೆಯುವಷ್ಟು ತಣ್ಣಗಿರುವುದೇ ಇಲ್ಲ, ಅಲ್ವಾ? ಒಂದು ಬಕೆಟ್, ಅಂದರೆ 20 ಲೀಟರ್ ನೀರನ್ನು 15 ಡಿಗ್ರಿ ಬಿಸಿ ಮಾಡಲು ಬೇಕಾಗುವುದು ಸುಮಾರು 0.35 ಯೂನಿಟ್. ಇಬ್ಬರೇ ಇರುವ ಫ್ಲ್ಯಾಟಿನಲ್ಲಿ ಸ್ನಾನಕ್ಕೆ ಸ್ವಲ್ಪ ಮುಂಚೆ ಹಾಕಿ ಆಫ್ ಮಾಡುವವರಿಗೆ ಸಣ್ಣ ಗೀಸರ್ ಸಾಕು. ಇಡೀ ದಿನ ಸ್ವಿಚ್ ಹಾಕಿಟ್ಟರೆ ಮಾತ್ರ ಟ್ಯಾಂಕ್ ತಣಿದಂತೆಲ್ಲ ಮತ್ತೆ ಕಾಯಿಸುತ್ತಾ ಕೂರುತ್ತದೆ.

ಸೋಲಾರ್‌ಗೆ ಮೊದಲೇ ದುಡ್ಡು ಜಾಸ್ತಿ, ಆಮೇಲೆ ಬಿಸಿಲು ಪುಕ್ಕಟೆ. ಐದಾರು ಜನ ಇದ್ದರೆ ಖಂಡಿತ ಲಾಭ. ಆದರೆ ಬಿಸಿನೀರು ಬೇಕೇಬೇಕು ಅನ್ನಿಸುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಬಿಸಿಲು ಕೈಕೊಡುವುದೂ ಆಗಲೇ! ಆಗ ಟ್ಯಾಂಕಿನ ಒಳಗಿನ ಕರೆಂಟ್ ಕಾಯಿಲ್ ಒಂದೇ ಗತಿ. ತಾರಸಿಯಿಂದ ಕೆಳಗಿನ ಬಚ್ಚಲಿಗೆ ಪೈಪ್ ಉದ್ದವಿದ್ದರೆ ಬಿಸಿ ಬರುವಷ್ಟರಲ್ಲಿ ತಣ್ಣೀರು ಸುಮ್ನೆ ಹರಿದುಹೋಗುತ್ತದೆ, ಅದನ್ನೊಂದು ಬಕೆಟಿಗೆ ಹಿಡಿದಿಡಿ. ಕಡಲ ಪಕ್ಕದಲ್ಲಾದರೆ ಉಪ್ಪು ಗಾಳಿಗೆ ಸ್ಟ್ಯಾಂಡ್ ತುಕ್ಕು ಹಿಡಿಯುವುದನ್ನೂ ನೋಡಿಕೊಳ್ಳಬೇಕು.

ಇನ್ನು ಹಂಡೆ. ಹಳೇ ಕಾಲದ್ದು ಅಂತ ನಗಬೇಡಿ. ತೋಟದಲ್ಲಿ ತೆಂಗಿನ ಮಡಲು, ಸಿಪ್ಪೆ, ಗೆರಟೆ ಬೀಳುತ್ತಲೇ ಇದ್ದರೆ, ಒಣಗಿಸಿಡಲು ಕೊಟ್ಟಿಗೆಯೂ ಇದ್ದರೆ, ಮಳೆಗಾಲಕ್ಕೆ ಇದರಷ್ಟು ಸುಖ ಇನ್ನೊಂದಿಲ್ಲ. ಹೊಗೆ ಹೊರಗೆ ಹೋಗಲು ಚಿಮಣಿ ಬೇಕೇಬೇಕು, ಮನೆಯಲ್ಲಿ ಉಬ್ಬಸದವರಿದ್ದರೆ ಬೇಡವೇ ಬೇಡ. ಸೌದೆ ದುಡ್ಡು ಕೊಟ್ಟು ತರಬೇಕಾದವರಿಗೂ ಇದು ಹೇಳಿಮಾಡಿಸಿದ್ದಲ್ಲ.