ಮಡಿಕೇರಿಯ ಮಕ್ಕಳ ಟೆನಿಸ್ ತರಬೇತಿ: ಕಲಿಸುವುದು ಸೊಗಸು, ಮಳೆಗಾಲದ ಏರ್ಪಾಡು ಸಾಲದು

ವೃತ್ತಿಪರ ಟೆನಿಸ್ ಆಡಿ ಮುಗಿಸಿ ಈಗ ಮಡಿಕೇರಿಯಲ್ಲಿ ಮಕ್ಕಳಿಗೆ ಕಲಿಸುತ್ತಿರುವವರ ತರಬೇತಿ ಇದು. ಚೆನ್ನಾಗಿ ಆಡಿದವರೆಲ್ಲ ಚೆನ್ನಾಗಿ ಕಲಿಸುತ್ತಾರೆಂದಿಲ್ಲ. ಇವರು ಕಲಿಸುತ್ತಾರೆ, ಚೆಂಡಿನ ಬುಟ್ಟಿ ನೋಡಿದರೇ ತಿಳಿಯುತ್ತದೆ.

ಏಳೆಂಟು ವರ್ಷದವರಿಗೆ ಕೆಂಪು ಚೆಂಡು. ಅದು ಮಾಮೂಲಿ ಹಳದಿ ಚೆಂಡಿಗಿಂತ ಶೇ. 75ರಷ್ಟು ನಿಧಾನ. ಕೋರ್ಟ್ ಸುಮಾರು 11 ಮೀಟರ್ ಉದ್ದ, ನೆಟ್ 80 ಸೆಂ.ಮೀ. ಎತ್ತರ. ಆಮೇಲೆ 18 ಮೀಟರ್ ಕೋರ್ಟಿನಲ್ಲಿ ಕಿತ್ತಳೆ ಚೆಂಡು, ಕೊನೆಗೆ 23.77 ಮೀಟರಿನ ಪೂರ್ತಿ ಕೋರ್ಟಿನಲ್ಲಿ ಹಸಿರು. ಹಳದಿ ಚೆಂಡೇ ಕೊಡಿ ಎಂದು ಅವಸರ ಮಾಡುವ ಅಪ್ಪ ಅಮ್ಮಂದಿರಿಗೆ ಇವರು ಮಣಿಯುವುದಿಲ್ಲ. ಹಳದಿ ಚೆಂಡು ಪುಟ್ಟ ಮಗುವಿನ ಭುಜಕ್ಕೂ ಮೇಲೆ ಪುಟಿಯುತ್ತದೆ. ಅದನ್ನು ಹೊಡೆಯಲು ಮಗು ಅಂಗೈಯನ್ನು ರಾಕೆಟಿನ ಹಿಡಿಯ ಅಡಿಗೆ ತಿರುಗಿಸಿಕೊಳ್ಳುತ್ತದೆ. ಆ ಹಿಡಿತ ಕೂತುಬಿಟ್ಟರೆ ಬಿಡಿಸುವುದು ಬಲು ಕಷ್ಟ.

ಆಟ ಶುರುಮಾಡುವ ಹೊಡೆತವಾದ ಸರ್ವಿಸ್‌ನ ಪಾಠವಂತೂ ಅಚ್ಚುಕಟ್ಟು. ತೋಟದಲ್ಲಿ ಕತ್ತಿ ಹಿಡಿದಂತೆ ರಾಕೆಟ್ ಹಿಡಿಸುತ್ತಾರೆ, ಇಲ್ಲಿನ ಮಕ್ಕಳಿಗೆ ಬೇರೆ ವಿವರಣೆಯೇ ಬೇಡ. ಎಡಗೈ ನೇರವಾಗಿಟ್ಟು ಕಣ್ಣಿನ ಮಟ್ಟದಲ್ಲಿ ಚೆಂಡು ಬಿಡಬೇಕು. ಮೊಣಕೈ ಮಡಚಿ ಎಸೆದರೆ ಚೆಂಡು ತಲೆಯ ಹಿಂದಕ್ಕೆ ಹೋಗುತ್ತದೆ, ಬೆನ್ನು ಬಾಗುತ್ತದೆ, ನೋವು ಶುರು. ಹಾಕಿ ಆಡಿ ಬಂದ ಮಕ್ಕಳಿಗೆ ರಾಕೆಟ್ ಹಿಡಿದ ಕೈಯ ಎದುರು ಬದಿಯ ಹೊಡೆತವಾದ ಎರಡು ಕೈಯ ಬ್ಯಾಕ್‌ಹ್ಯಾಂಡ್ ಬೇಗ ಹತ್ತುತ್ತದೆ. ಆದರೆ ರಾಕೆಟ್ ಹಿಡಿದ ಕೈಯ ಬದಿಯ ಹೊಡೆತವಾದ ಫೋರ್‌ಹ್ಯಾಂಡಿನಲ್ಲಿ ಮಣಿಕಟ್ಟು ಕುಲುಕುವ ಅಭ್ಯಾಸ ತಿದ್ದಬೇಕಾಗುತ್ತದೆ.

ಹೆಣ್ಣುಮಕ್ಕಳು ಹೈಸ್ಕೂಲಿಗೆ ಬಂದ ಕೂಡಲೇ ಆಟ ಬಿಡಿಸಬೇಡಿ ಎಂದು ಮನೆಯವರನ್ನು ಕೂರಿಸಿಕೊಂಡು ಹೇಳುತ್ತಾರೆ. ಇದಕ್ಕಾಗಿಯೇ ಇವರ ಮೇಲೆ ಗೌರವ ಹೆಚ್ಚು. ಹನ್ನೆರಡನೇ ವಯಸ್ಸಿಗೇ ಮಗುವನ್ನು ದಣಿಸುವವರಿಗೆ ಕೊಡಗಿನ ರೋಹನ್ ಬೋಪಣ್ಣ ಅವರ ಉದಾಹರಣೆ ಸಾಕು: 2024ರಲ್ಲಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದಾಗ ಅವರಿಗೆ 43 ವರ್ಷ.

ಕೊರತೆ ಇರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಚಾವಣಿ ಇಲ್ಲ. ಮಳೆ ಬಿಟ್ಟ ಗಳಿಗೆಯಲ್ಲಿ ಒದ್ದೆ ಚೆಂಡಿನಲ್ಲೇ ಆಡಿಸುತ್ತಾರೆ, ಇದು ತಪ್ಪು. ಒಣಗಿದ ಚೆಂಡು 56ರಿಂದ 59.4 ಗ್ರಾಂ. ಮೇಲಿನ ಉಣ್ಣೆ ನೀರು ಕುಡಿದರೆ ಭಾರವಾಗಿ, ಪೆಟ್ಟು ನೇರ ಮೊಣಕೈಗೆ ಬೀಳುತ್ತದೆ. ಮೂಲೆಗಳಲ್ಲಿ ಪಾಚಿ ಬೇರೆ. ಆ ದಿನಗಳಲ್ಲಿ ಹಜಾರದಲ್ಲಿ ಕಾಲಿನ ಚಲನೆ, ಗೋಡೆಗೆ ಸ್ಪಾಂಜ್ ಚೆಂಡು ಹೊಡೆಯುವುದು, ಇಷ್ಟು ಮಾಡಿಸಿದರೂ ಸಾಕಿತ್ತು.

ಇನ್ನೊಂದು ಸಂಗತಿ. ಮಡಿಕೇರಿ ಸುಮಾರು 1,170 ಮೀಟರ್ ಎತ್ತರದಲ್ಲಿದೆ, ಎತ್ತರದ ಊರುಗಳ ವಿಶೇಷ ಚೆಂಡಿನ ನಿಯಮ 1,219 ಮೀಟರ್ ಮೇಲಷ್ಟೇ. ಹಾಗಾಗಿ ಇಲ್ಲಿ ಮಾಮೂಲಿ ಚೆಂಡೇ. ಆದರೂ ಗಾಳಿ ತೆಳು, ಚೆಂಡು ತುಸು ದೂರ ಹಾರುತ್ತದೆ. ಮಂಗಳೂರಿಗೆ ಇಳಿದು ಆಡುವ ಮಕ್ಕಳ ಹೊಡೆತ ಮೊದಲ ದಿನ ಗಿಡ್ಡ ಬೀಳುವುದಕ್ಕೆ ಅದೂ ಒಂದು ಕಾರಣ.

ಸೇರಿಸುವುದಾದರೆ ಅಕ್ಟೋಬರ್‌ನಲ್ಲಿ ಸೇರಿಸಿ. ಬೆಳೆಯುತ್ತಾನೆಂದು ದೊಡ್ಡ ರಾಕೆಟ್ ಕೊಳ್ಳಬೇಡಿ. ಮಗು ಕೈ ಇಳಿಬಿಟ್ಟು ನಿಂತು ರಾಕೆಟ್ ಹಿಡಿದಾಗ ಅದರ ತುದಿ ನೆಲಕ್ಕೆ ತಾಕಿಯೂ ತಾಕದಂತಿರಬೇಕು. ಏಳೆಂಟು ವರ್ಷಕ್ಕೆ ಸಾಮಾನ್ಯವಾಗಿ 23 ಇಂಚು. ಗಟ್ಟಿ ಪಾಲಿಯೆಸ್ಟರ್ ತಂತಿ ಬೇಡ, ಮೆದುವಾದ ನೈಲಾನ್ ತಂತಿ ಹಾಕಿಸಿ.