ಹಳೇ ಸಿನಿಮಾ: ನಿಲ್ಲಿಸಿ ನಿಲ್ಲಿಸಿ ನೋಡೋದಾ, ಒಂದೇ ಉಸಿರಿಗೆ ನೋಡೋದಾ?

ಮೈಸೂರಿನ ನಮ್ಮ ಮನೆಯಲ್ಲಿ ಹಳೇ ಸಿನಿಮಾ ಹಾಕಿದರೆ ಎರಡು ಗುಂಪಾಗುತ್ತದೆ. ನಾನು ಮಧ್ಯೆ ನಿಲ್ಲಿಸಿ ತೆರೆಯ ಹಿಂದಿನ ಕಥೆ ಹೇಳುವವನು. ಅಮ್ಮನಿಗೆ ಮುಗಿಯುವವರೆಗೂ ಯಾರೂ ಮಾತಾಡಬಾರದು.

1972ರ ‘ನಾಗರಹಾವು’ ತಗೊಳ್ಳಿ. ತರಾಸು ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ ಮಾಡಿದ ಚಿತ್ರ. ನಮ್ಮ ಮೈಸೂರಿನ ಸಂಪತ್ ಕುಮಾರ್ ವಿಷ್ಣುವರ್ಧನ್ ಆಗಿ ನಾಯಕರಾದದ್ದು ಇದರಲ್ಲೇ, ಮಂಡ್ಯದ ಅಂಬರೀಶ್ ಜಲೀಲನಾಗಿ ಮೊದಲು ಕಾಣಿಸಿಕೊಂಡಿದ್ದೂ ಇದರಲ್ಲೇ. ಇಷ್ಟು ಗೊತ್ತಿದ್ದು ನೋಡಿದರೆ ಜಲೀಲ ಬರುವ ಸಣ್ಣ ದೃಶ್ಯಕ್ಕೂ ಮೈ ಜುಂ ಅನ್ನುತ್ತದೆ, ಅಲ್ವಾ? ಆದರೆ ಚಾಮಯ್ಯ ಮೇಷ್ಟ್ರು ಮತ್ತು ಅವರ ಶಿಷ್ಯ ರಾಮಾಚಾರಿ (ವಿಷ್ಣುವರ್ಧನ್) ಎದುರಾಗುವ ಕಡೆ ನಿಲ್ಲಿಸಿದರೆ ಎಲ್ಲ ಹಾಳು. ಮೇಷ್ಟ್ರಾಗಿರುವ ಅಶ್ವಥ್ ಅವರ ಮುಖ ನೋಡುತ್ತಾ ಗಂಟಲು ಕಟ್ಟಿರುವಾಗ, ಚಿತ್ರದುರ್ಗದ ಕೋಟೆಯಲ್ಲಿ ಹೇಗೆ ಶೂಟಿಂಗ್ ಮಾಡಿದರು ಅನ್ನೋದು ಯಾರಿಗೆ ಬೇಕು? ಅಲ್ಲಿ ಅಮ್ಮ ಹೇಳಿದ್ದೇ ಸರಿ.

ಜೊತೆಯಲ್ಲಿ ಮೊದಲ ಸಲ ನೋಡುವವರಿದ್ದರೆ ಸುಮ್ನೆ ನೋಡಿ, ಕಥೆಯೆಲ್ಲ ಆಮೇಲೆ ಕಾಫಿ ಹೊತ್ತಿಗೆ. ಎಲ್ಲರೂ ಹತ್ತು ಸಲ ನೋಡಿದವರಾದರೆ ನಿಲ್ಲಿಸಿ ಮಾತಾಡುವುದರಲ್ಲೇ ಖುಷಿ ಜಾಸ್ತಿ. ಒಬ್ಬನೇ ಇದ್ದಾಗ ನಾನು ಹಾಡು ಮುಗಿದ ಮೇಲೆ ಮಾತ್ರ ನಿಲ್ಲಿಸುತ್ತೇನೆ.