ಕಾರವಾರದ ಕಡಲಿನ ಮೇಲೆ ಒಂದು ಚೌಕ: ಗ್ಲೋಬಲ್ ವಿಂಡ್ ಅಟ್ಲಾಸ್ ಬಳಸಿ ನೋಡಿದಾಗ

ಕಡಲ ಗಾಳಿಯಿಂದ ವಿದ್ಯುತ್ ತೆಗೆಯುವ ಮಾತು ಬಂದಾಗಲೆಲ್ಲ ಗುಜರಾತು, ತಮಿಳುನಾಡುಗಳ ಹೆಸರೇ ಕೇಳಿಬರುತ್ತದೆ. 2024ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ 7,453 ಕೋಟಿ ರೂಪಾಯಿಯ ನೆರವಿನ ಯೋಜನೆಯಲ್ಲೂ ತಲಾ 500 ಮೆಗಾವಾಟ್ ಆ ಎರಡು ರಾಜ್ಯಗಳ ಕಡಲಿಗೇ ಮೀಸಲಾಗಿದೆ. ನಮ್ಮ ಕಡಲಿನ ಗಾಳಿ ಎಂಥದ್ದು ಎಂಬುದನ್ನು ಊಹೆಗೆ ಬಿಡದೆ ನೋಡೋಣವೆಂದು ಗ್ಲೋಬಲ್ ವಿಂಡ್ ಅಟ್ಲಾಸ್ ಎಂಬ ಜಾಲತಾಣದ ಮೂರನೆಯ ಆವೃತ್ತಿಯನ್ನು ಬಳಸತೊಡಗಿದೆ.

ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾಲಯವು ವಿಶ್ವಬ್ಯಾಂಕಿನ ಜೊತೆಗೂಡಿ ರೂಪಿಸಿದ ಈ ನಕ್ಷೆಗೆ ಹಣ ಕೊಡಬೇಕಾಗಿಲ್ಲ. ದಂಡೆಯಿಂದ 200 ಕಿಲೋಮೀಟರ್ ದೂರದವರೆಗಿನ ಕಡಲನ್ನೂ ಒಳಗೊಂಡು, 10ರಿಂದ 200 ಮೀಟರ್‌ವರೆಗಿನ ಐದು ಎತ್ತರಗಳಲ್ಲಿ ಗಾಳಿಯ ಸರಾಸರಿ ವೇಗವನ್ನು ಬಣ್ಣಗಳಲ್ಲಿ ತೋರಿಸುತ್ತದೆ. ಬೇಕಾದ ಜಾಗದ ಮೇಲೆ ಚೌಕ ಎಳೆದರೆ, ಅದರೊಳಗೆ ಅತಿ ಹೆಚ್ಚು ಗಾಳಿ ಬೀಸುವ ಶೇ 10ರಷ್ಟು ಭಾಗದ ಸರಾಸರಿ ವೇಗ ಪಕ್ಕದಲ್ಲಿ ಮೂಡುತ್ತದೆ. ನಾನು ಮೊದಲು ಎಳೆದ ಚೌಕದಲ್ಲಿ ಬಂದ ಅಂಕಿ ನೋಡಿ ಹಿಗ್ಗಿದೆ. ಆಮೇಲೆ ಗಮನಿಸಿದರೆ ಚೌಕದ ಮೂಡಣ ಅಂಚು ಊರ ಹಿಂದಿನ ಗುಡ್ಡಗಳನ್ನು ದಾಟಿತ್ತು. ಸಹ್ಯಾದ್ರಿ ಕಡಲಿಗೆ ಇಷ್ಟು ಒತ್ತಿ ನಿಂತ ಊರಿನಲ್ಲಿ ಬೆಟ್ಟದ ನೆತ್ತಿಯ ಗಾಳಿಯನ್ನೇ ಕಡಲ ಗಾಳಿಯೆಂದು ಓದಿಬಿಡುವುದು ಸುಲಭ. ದೇವಬಾಗದ ದಂಡೆಯಿಂದ ಪಡುವಣಕ್ಕೆ, ನೀರಿನ ಮೇಲಷ್ಟೇ ಮತ್ತೆ ಎಳೆದೆ. ಈ ಎಚ್ಚರ ಸಣ್ಣದಲ್ಲ, ಏಕೆಂದರೆ ವೇಗ ಎರಡು ಪಟ್ಟಾದರೆ ಗಾಳಿಯ ಶಕ್ತಿ ಎಂಟು ಪಟ್ಟಾಗುತ್ತದೆ. ವೇಗದಲ್ಲಿ ತುಸು ತಪ್ಪಿದರೂ ವಿದ್ಯುತ್ತಿನ ಲೆಕ್ಕ ತಲೆಕೆಳಗು.

ನನಗೆ ಹೆಚ್ಚು ಉಪಯೋಗವಾದದ್ದು ಗಾಳಿಯ ತಿಂಗಳುವಾರು ಏರಿಳಿತದ ರೇಖಾಚಿತ್ರ. ಮಳೆಗಾಲದಲ್ಲಿ ಏರುವ ಗೆರೆ ಅಕ್ಟೋಬರ್ ಹೊತ್ತಿಗೆ ತಗ್ಗುತ್ತದೆ. ಕಾರವಾರದ ಮೀನುಗಾರಿಕೆ ಬಂದರು ಬೈತಖೋಲಿನ ಹಿರಿಯ ಮೀನುಗಾರರೊಬ್ಬರಿಗೆ ಇದನ್ನು ತೋರಿಸಿದಾಗ, "ಮಾಸ್ತರ್ರೇ, ಇದು ನಮ್ಮ ಬೋಟು ದಕ್ಕೆಯಲ್ಲಿ ಕಟ್ಟಿಹಾಕಿದ ಮೇಲಿನ ಗಾಳಿಯಲ್ಲವೇ?" ಎಂದರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿರುವುದು ಇದೇ ಗಾಳಿಯ ದಿನಗಳಲ್ಲಿ. ಗಾಳಿಯಂತ್ರ ಹೆಚ್ಚು ದುಡಿಯುವ ಆ ದಿನಗಳಲ್ಲೇ ಅದು ಕೆಟ್ಟರೆ ರಿಪೇರಿಗೆ ಹೋಗುವುದು ಕಷ್ಟ. ಇನ್ನೊಂದು ಕಡೆಯಿಂದ ನೋಡಿದರೆ, ಮಳೆಗಾಲದಲ್ಲಿ ಗಾಳಿಯ ವಿದ್ಯುತ್ ದೊರೆತಷ್ಟೂ ಕಾಳಿ ನದಿಯ ಸೂಪಾ ಜಲಾಶಯದ ನೀರನ್ನು ಬೇಸಿಗೆಗೆ ಉಳಿಸಬಹುದು. ವರ್ಷದ ಸರಾಸರಿಯೊಂದನ್ನೇ ನೋಡಿದ್ದರೆ ಈ ಎರಡೂ ಹೊಳೆಯುತ್ತಿರಲಿಲ್ಲ.

ಮಿತಿಗಳೂ ಇವೆ. ಈ ಆವೃತ್ತಿ ನಿಂತಿರುವುದು 2008ರಿಂದ 2017ರವರೆಗಿನ ಹವಾಮಾನದ ಮೇಲೆ. ಕಡಲಿನಲ್ಲಿ ನಿಲ್ಲಿಸುವ ಯಂತ್ರವಾದರೋ ಸುಮಾರು 25 ವರ್ಷ ಬಾಳಬೇಕು. ಈ ನಡುವೆ ಅರಬ್ಬಿ ಸಮುದ್ರ ಬಿಸಿಯಾಗುತ್ತಿದೆ. 2019ರ ಕ್ಯಾರ್, 2021ರ ತೌಕ್ತೆ ಚಂಡಮಾರುತಗಳೆರಡೂ ಆ ದಶಕದ ಲೆಕ್ಕದಿಂದ ಹೊರಗಿವೆ. ಸೆಕೆಂಡಿಗೆ 25 ಮೀಟರ್ ಆಸುಪಾಸಿನ ಗಾಳಿಗೆ ಸಾಮಾನ್ಯ ಯಂತ್ರಗಳು ತಾವಾಗಿ ನಿಲ್ಲುತ್ತವೆ. ಚಂಡಮಾರುತದಲ್ಲಿ ಪ್ರಶ್ನೆ ವಿದ್ಯುತ್ತಿನದಲ್ಲ, ಕಂಬ ಮತ್ತು ರೆಕ್ಕೆ ಉಳಿಯುತ್ತವೆಯೇ ಎಂಬುದು. ಅದಕ್ಕೆ ಸರಾಸರಿ ವೇಗದ ನಕ್ಷೆಯಲ್ಲಿ ಉತ್ತರ ಹುಡುಕಬಾರದು. ಇದು ಪ್ರಾಥಮಿಕ ಅಂದಾಜಿಗೆ ಮಾತ್ರ ಎಂದು ನಕ್ಷೆ ಮಾಡಿದವರೂ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಗುಜರಾತಿನ ಖಂಬಾತ್ ಕೊಲ್ಲಿಯಲ್ಲಿ, ಲೇಸರ್ ಕಿರಣದಿಂದ ಗಾಳಿಯ ವೇಗ ತಿಳಿಯುವ ಲೈಡಾರ್ ಉಪಕರಣ ನಿಲ್ಲಿಸಿ ಸ್ಥಳದಲ್ಲೇ ಗಾಳಿ ಅಳೆದದ್ದು ಅದಕ್ಕಾಗಿಯೇ.

ಕಾಲೇಜು ವಿದ್ಯಾರ್ಥಿಗಳಿಗೆ, ಪಂಚಾಯಿತಿ ಸದಸ್ಯರಿಗೆ, ಮೀನುಗಾರರ ಸಹಕಾರಿ ಸಂಘಗಳಿಗೆ ಈ ನಕ್ಷೆಯನ್ನು ಧಾರಾಳವಾಗಿ ಸೂಚಿಸುತ್ತೇನೆ. ಚಿಕ್ಕ ಮೊಬೈಲಿಗಿಂತ ಕಂಪ್ಯೂಟರಿನಲ್ಲಿ ನೋಡುವುದು ಹಿತ. ಆ ಹಿರಿಯರು ಎದ್ದು ಹೋಗುವ ಮುನ್ನ ತಾವು ಬಲೆ ಬಿಡುವ ಜಾಗ ತೋರಿಸಿ ಎಂದರು. ಕೂರ್ಮಗಡ ದ್ವೀಪದ ಆಚೆ ಅವರು ಬೆರಳಿಟ್ಟಲ್ಲಿಗೆ ನಕ್ಷೆಯನ್ನು ಹಿಗ್ಗಿಸಿದೆ. ಗಾಳಿಯ ವೇಗದ ಬಣ್ಣ ಇತ್ತು, ಬಲೆ ಬಿಡುವ ಜಾಗಕ್ಕೆ ಗುರುತೇನೂ ಇರಲಿಲ್ಲ.